ಎಲ್ಲರೂ ಬರೆಯುವ ಏಳು

ನಮ್ಮ ವಿಲ್ಗೂರಾದ ಚಿನ್ನದ ಗಣಿಯಲ್ಲಿ ಯಾರಿಗೂ ನಿದ್ದೆಯ ತೊಂದರೆ ಇಲ್ಲ. ಅನುಮಾನವಿದ್ದವರು ಗಣಿ ಕಚೇರಿಯ ಕಪಾಟು ತೆಗೆದು ನೋಡಬಹುದು. ವರ್ಷಗಟ್ಟಲೆ ಪಾಳಿ ಹಾಳೆಗಳು ಅಲ್ಲಿ ಕಟ್ಟುಕಟ್ಟಾಗಿ ಕೂತಿವೆ. ಗಾಡಿ ಹತ್ತುವ ಮುಂಚೆ ಪ್ರತಿಯೊಬ್ಬರೂ ತುಂಬಬೇಕಾದ ಹಾಳೆ ಅದು. ಕುಡಿದಿದ್ದೀರಾ? ಇಲ್ಲ. ಮಂಪರು ತರುವ ಮಾತ್ರೆ ನುಂಗಿದ್ದೀರಾ? ಇಲ್ಲ. ಕಳೆದ ಇಪ್ಪತ್ತನಾಲ್ಕು ಗಂಟೆಯಲ್ಲಿ ಎಷ್ಟು ಹೊತ್ತು ನಿದ್ದೆ ಮಾಡಿದ್ದೀರಿ? ಏಳು ಗಂಟೆ. ಮಗು ಹುಟ್ಟಿದ ಮರುದಿನ ಬಂದವನೂ ಏಳು, ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಹೋದ ವಾರ ಬಂದವನೂ ಏಳು. ಐದಕ್ಕಿಂತ ಕಡಿಮೆ ಬರೆದರೆ ಆ ದಿನ ಗಾಡಿ ಇಲ್ಲ. ಆರು ಬರೆದರೆ ಸೂಪರ್‌ವೈಸರ್ ಪಕ್ಕಕ್ಕೆ ಕರೆದು ಕೆದಕುತ್ತಾನೆ. ಎಂಟು ಬರೆದರೆ ಜೊತೆಯವರು ಇಡೀ ದಿನ ಆಡಿಕೊಳ್ಳುತ್ತಾರೆ. ಹಾಗಾಗಿ ಎಲ್ಲರೂ ಏಳು ಬರೆಯುತ್ತಾರೆ, ದಾರಕ್ಕೆ ಕಟ್ಟಿದ ಪೆನ್ನಿನಿಂದ, ಒಂದು ಕೈಯಲ್ಲಿ ಚಹಾ ಲೋಟ ಹಿಡಿದು, ಹಾಳೆಯನ್ನು ಸರಿಯಾಗಿ ನೋಡದೆ.

ಗ್ಲೆನಿಸ್ ರಾಡಿಚ್ ಹತ್ತೊಂಬತ್ತು ವರ್ಷ ಹೀಗೆ ಬರೆದವಳು. ಅದಕ್ಕೂ ಮುಂಚೆ ಶಾಲೆಯ ಕ್ಯಾಂಟೀನಿನಲ್ಲಿ ಮಕ್ಕಳಿಗೆ ಮಾಂಸದ ಪೈ ಬಿಸಿ ಮಾಡಿ ಕೊಡುತ್ತಿದ್ದಳು. ಗಂಡಸರು ಗಾಡಿಯ ಗೇರು ಹಿಂಡಿ ಹಾಕುತ್ತಾರೆ, ಹೆಂಗಸರ ಕೈಯಲ್ಲಿ ಗಾಡಿ ಹೆಚ್ಚು ಕಾಲ ಬಾಳುತ್ತದೆ ಎಂದು ಕಂಪನಿಗೆ ಜ್ಞಾನೋದಯವಾದ ವರ್ಷ ಅವಳೂ ಅರ್ಜಿ ಹಾಕಿದಳು. ಮೂವತ್ತಮೂರನೆಯ ವಯಸ್ಸಿನಲ್ಲಿ, ಚಕ್ರವೇ ತನ್ನ ಎರಡರಷ್ಟು ಎತ್ತರವಿದ್ದ, ಕಲ್ಲು ಸಾಗಿಸುವ ಡಂಪರಿನ ಏಣಿ ಹತ್ತಿ ಕೂತವಳು ಮತ್ತೆ ಪೈ ಕಡೆಗೆ ತಿರುಗಿ ನೋಡಲಿಲ್ಲ. ಆ ಸೀಟಿನಲ್ಲಿ ಕೂತಾಗ ತಾನು ಯಾರಿಗೂ ಕಡಿಮೆಯಿಲ್ಲ ಅನ್ನಿಸುತ್ತಿತ್ತು; ಬೇರೆಲ್ಲೂ ಹಾಗನ್ನಿಸುತ್ತಿರಲಿಲ್ಲ. ತನ್ನ ಹದಿನಾಲ್ಕನೆಯ ನಂಬರಿನ ಗಾಡಿಗೆ ಅತ್ತೆಯ ಹೆಸರಿಟ್ಟಿದ್ದಳು, ಯೆಲ್ಕಾ ಅಂತ. ಎಷ್ಟು ಸುರಿದರೂ ತೃಪ್ತಿಯಿಲ್ಲ, ಸದಾ ಗುರುಗುಟ್ಟುತ್ತದೆ ಎನ್ನುವುದು ಕಾರಣ. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾದ ಮೇಲೂ ಗಂಡ ಟೋಂಚಿ ಈ ವಿಷಯಕ್ಕೆ ಮುನಿಸಿಕೊಳ್ಳುತ್ತಿದ್ದ.

ನಿದ್ದೆ ಕೈಕೊಟ್ಟದ್ದು ಐವತ್ತೊಂದನೆಯ ವಯಸ್ಸಿನಲ್ಲಿ. ಮುಟ್ಟು ನಿಲ್ಲುವ ಕಾಲದ ಕಾವು, ಬೆವರು ಒಂದಷ್ಟು ತಿಂಗಳು ಕಾಡಿ ಹೋದವು. ಅವುಗಳ ಜೊತೆಗೆ ಹೋದ ನಿದ್ದೆ ಮಾತ್ರ ವಾಪಸು ಬರಲಿಲ್ಲ. ಏಳು ದಿನ ಹಗಲು ಪಾಳಿ, ಏಳು ದಿನ ರಾತ್ರಿ ಪಾಳಿ, ಏಳು ದಿನ ರಜೆ. ಮೂರರಲ್ಲಿ ಯಾವುದರಲ್ಲೂ ಇಲ್ಲ. ರಾತ್ರಿ ಪಾಳಿಯ ವಾರಗಳಲ್ಲಿ ಹಗಲು ಮಲಗಲೆಂದು ಕಿಟಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿದ್ದಳು. ಆ ಕತ್ತಲಲ್ಲಿ ಮಲಗಿ ಲೆಕ್ಕ ಶುರುಮಾಡುತ್ತಿದ್ದಳು: ಈಗ ಕಣ್ಣು ಹತ್ತಿದರೆ ಐದು ಗಂಟೆ ಸಿಗುತ್ತದೆ. ಈಗ ಹತ್ತಿದರೆ ನಾಲ್ಕು. ಬರಬರುತ್ತಾ ಹಾಸಿಗೆಯನ್ನು ಕಂಡರೇ ಎದೆ ಹೊಡೆದುಕೊಳ್ಳತೊಡಗಿತು. ರಾತ್ರಿ ಮಲಗಿದರೆ ಪಕ್ಕದಲ್ಲಿ ಟೋಂಚಿ ದಿಂಬಿಗೆ ತಲೆಯಿಟ್ಟ ಕೂಡಲೇ ಗೊರಕೆ. ಬೆನ್ನು ಹಾಳಾಗಿ ಗಣಿ ಬಿಟ್ಟು ಕೋಳಿ ಸಾಕಿಕೊಂಡಿರುವ ಮನುಷ್ಯ, ಅವನಿಗೇನು ಚಿಂತೆ. ಆ ಹೊತ್ತಿನಲ್ಲಿ ಅವನನ್ನು ಕಂಡರೆ ಅವಳಿಗೆ ಅಪ್ಪಟ ದ್ವೇಷ ಹುಟ್ಟುತ್ತಿತ್ತು. ಎದ್ದು ಅಡುಗೆಮನೆಗೆ ಹೋಗಿ ಕೆಟಲಿನಲ್ಲಿ ನೀರು ಕಾಯಿಸಿ ಚಹಾ ಮಾಡಿಕೊಳ್ಳುತ್ತಿದ್ದಳು. ಮತ್ತೆ ಬಂದು ಮಲಗುತ್ತಿದ್ದಳು, ಮತ್ತೆ ಏಳುತ್ತಿದ್ದಳು. ಬೆಳಿಗ್ಗೆ ಹೋಗಿ ಹಾಳೆಯಲ್ಲಿ ಏಳು ಬರೆಯುತ್ತಿದ್ದಳು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಕಲ್ಲು ತುಂಬಿದ ಗಾಡಿಯನ್ನು ಗಣಿಯ ತೆರೆದ ಗುಂಡಿಯಿಂದ ಮೇಲಕ್ಕೆ ಹತ್ತಿಸುತ್ತಿದ್ದಳು. ಮೂರನೆಯ ತಿರುವಿನ ಹತ್ತಿರ ನೀರಿನ ಟ್ಯಾಂಕರಿಗೆ ದಾರಿ ಬಿಟ್ಟದ್ದು ನೆನಪಿದೆ. ಆಮೇಲೆ ನೆನಪಿರುವುದು ಐದನೆಯ ತಿರುವು ದಾಟಿ ಮೇಲೆ ಬಂದದ್ದು. ನಾಲ್ಕನೆಯದು, ಐದನೆಯದು ಎರಡೂ ಇಲ್ಲ. ಕೈ ತಿರುಗಿಸಿದೆ, ಕಾಲು ಒತ್ತಿದೆ, ಆದರೆ ಅಲ್ಲಿ ಗ್ಲೆನಿಸ್ ಇರಲಿಲ್ಲ. ಅದೇ ದಾರಿಯಲ್ಲಿ ಎದುರಿಗೆ ಸರ್ವೇ ಹುಡುಗಿಯರ ಜೀಪು ಕೆಳಗಿಳಿದು ಹೋಗಿತ್ತೆಂದು ರೇಡಿಯೋದಲ್ಲಿ ಕೇಳಿ ಗೊತ್ತಾಯಿತು. ತಾನು ಅದನ್ನು ನೋಡಿಯೇ ಇರಲಿಲ್ಲ. ಕಲ್ಲು ಸುರಿದು ಗಾಡಿ ನಿಲ್ಲಿಸಿ, ಊಟದ ಡಬ್ಬಿಯ ಮುಚ್ಚಳದ ಮೇಲೆ ವಾಂತಿ ಮಾಡಿಕೊಂಡಳು.

ಯಾರಿಗೆ ಹೇಳುವುದು? ಬೆವರ್ಲಿಯ ಕಥೆ ಎಲ್ಲರಿಗೂ ಗೊತ್ತು. ಮೂರು ವರ್ಷದ ಕೆಳಗೆ ಒಂದು ತಿಂಗಳಲ್ಲಿ ಮೂರು ಸಲ ಪ್ರಾಮಾಣಿಕವಾಗಿ ನಾಲ್ಕು ಎಂದು ಬರೆದ ಡ್ರೈವರು ಅವಳು. ತಪಾಸಣೆ ಎಂದರು, ಇನ್ನೊಂದು ತಪಾಸಣೆ ಎಂದರು, ಗೌರವದಿಂದಲೇ ನಡೆಸಿಕೊಂಡರು. ಈಗ ಗಣಿಯ ಲಾಂಡ್ರಿಯಲ್ಲಿ ಕೆಲಸಗಾರರ ಕಿತ್ತಳೆ ಬಣ್ಣದ ಅಂಗಿ ಮಡಚುತ್ತಾಳೆ. ಅವಳನ್ನು ಕಂಡಾಗಲೆಲ್ಲ ಡ್ರೈವರುಗಳು ತುಸು ಜಾಸ್ತಿಯೇ ಪ್ರೀತಿಯಿಂದ ಮಾತಾಡಿಸುತ್ತಾರೆ, ಸಾವಿನ ಮನೆಗೆ ಹೋದವರ ಹಾಗೆ.

ಹೀಗಾಗಿ ಗ್ಲೆನಿಸ್ ಕದ್ದುಮುಚ್ಚಿ ಹೋದಳು. ಊರಿನ ಆರೋಗ್ಯ ಕೇಂದ್ರಕ್ಕೆ ಎರಡು ವಾರಕ್ಕೊಮ್ಮೆ ಗುರುವಾರ ಅನೆಕಾ ಎಂಬ ಮನಶ್ಶಾಸ್ತ್ರಜ್ಞೆ ಕರಾವಳಿಯ ಪಟ್ಟಣದಿಂದ ಬರುತ್ತಿದ್ದಳು. ನಿದ್ದೆ ಬಾರದವರಿಗೆ ಚಿಕಿತ್ಸೆ ಕೊಡುವುದರಲ್ಲಿ ಪಳಗಿದವಳು ಎಂದು ಅಲ್ಲಿನ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಅವಳ ಕೋಣೆಯ ಪಕ್ಕದಲ್ಲೇ ಹಲ್ಲಿನ ಡಾಕ್ಟರ ಕೋಣೆ. ಅದೊಂದು ಅನುಕೂಲವಾಯಿತು; ಕೇಳಿದವರಿಗೆ ಹಲ್ಲು ನೋವು ಎಂದಳು. ಅಗೆಯುವ ಯಂತ್ರ ನಡೆಸುವ ಫಿಜಿಯ ಮೊಸೆಸೆ ಅವಳನ್ನು ಆ ಬಾಗಿಲಲ್ಲಿ ಎರಡು ಸಲ ನೋಡಿದ.

"ಏನಕ್ಕಾ, ಇನ್ನೂ ಎಷ್ಟು ಹಲ್ಲು ಉಳಿದಾವೆ?" ಎಂದ.

"ನಿನ್ನ ಕಚ್ಚೋಕೆ ಸಾಕಾಗೋಷ್ಟು ಇದಾವೆ, ನಡಿ."

ಅನೆಕಾಗೆ ಮೂವತ್ತೈದು ಇರಬಹುದು. ಮಾತ್ರೆ ಕೊಡುವವಳಲ್ಲ, ಮಾತಾಡಿಸುವವಳು. "ನೀವು ನಿದ್ದೇನ ಬೆನ್ನಟ್ಟಿ ಬೆನ್ನಟ್ಟಿ ಓಡಿಸ್ತಿದೀರ ಗ್ಲೆನಿಸ್," ಅಂದಳು. "ಹಾಸಿಗೆ ಅಂದ್ರೆ ಒದ್ದಾಡೋ ಜಾಗ ಅಂತ ನಿಮ್ಮ ಮೈ ಕಲಿತುಬಿಟ್ಟಿದೆ. ಅದನ್ನ ಮರೆಸಬೇಕು. ಮರೆಸಬಹುದು, ತುಂಬ ಜನಕ್ಕೆ ಆಗಿದೆ." ನೀಲಿ ರಟ್ಟಿನ ಒಂದು ಪುಸ್ತಕ ಕೊಟ್ಟಳು. ದಿನಾ ಎದ್ದ ಮೇಲೆ ಎಷ್ಟಕ್ಕೆ ಮಲಗಿದೆ, ಎಷ್ಟು ಸಲ ಎದ್ದೆ, ಒಟ್ಟು ಎಷ್ಟು ಹೊತ್ತು ನಿದ್ದೆ ಬಂತು ಎಂದು ಅದರಲ್ಲಿ ತುಂಬಬೇಕು. ಎರಡು ವಾರದ ಲೆಕ್ಕ ನೋಡಿ ಇಷ್ಟು ಹೊತ್ತು ಮಾತ್ರ ಹಾಸಿಗೆಯಲ್ಲಿರಬೇಕು ಎಂದು ಅನೆಕಾ ಗೊತ್ತುಮಾಡುತ್ತಾಳೆ. ಚಿಕಿತ್ಸೆಯೆಲ್ಲ ಆ ಲೆಕ್ಕದ ಮೇಲೆ ನಿಂತಿದೆ.

ಮರುದಿನ ಬೆಳಿಗ್ಗೆ ಗ್ಲೆನಿಸ್ ಅಡುಗೆಮನೆಯಲ್ಲಿ ಚಹಾ ಲೋಟ ಹಿಡಿದು ನಿಂತುಕೊಂಡೇ ನೀಲಿ ಪುಸ್ತಕ ತೆರೆದಳು. ಎಷ್ಟು ಹೊತ್ತು ನಿದ್ದೆ ಮಾಡಿದಿರಿ? ಏಳು.

ಸುಳ್ಳು ಬರೆಯಬೇಕೆಂದು ಬರೆದಳೇ? ಇಲ್ಲ. ಆ ಪ್ರಶ್ನೆಗೆ ಆ ಕೈಗೆ ಗೊತ್ತಿದ್ದ ಉತ್ತರ ಅದೊಂದೇ. ಬರೆದ ಮೇಲೆ ನೋಡಿ, ಹೊಡೆದುಹಾಕೋಣ ಎಂದು ಪೆನ್ನು ಎತ್ತಿ, ಈ ಪುಸ್ತಕ ಹೇಗಾದರೂ ಗಣಿಗೆ ಮುಟ್ಟಿದರೆ ಎಂದು ಹೆದರಿ ಬಿಟ್ಟುಬಿಟ್ಟಳು. ಎರಡನೆಯ ದಿನವೂ ಏಳು. ಒಂದು ದಿನ ನಂಬಿಕೆ ಬರಲೆಂದು ಆರೂವರೆ ಹಾಕಿದಳು. ಸಹಾಯ ಕೇಳಿಕೊಂಡು ಹೋದ ಜಾಗಕ್ಕೇ ಸುಳ್ಳನ್ನು ಹೊತ್ತುಕೊಂಡು ಹೋಗುವ ಮಂದಿ ನಾವು. ನಾನೇನು ಬೇರೆಯಲ್ಲ ಬಿಡಿ.

ಅನೆಕಾ ಲೆಕ್ಕ ಹಾಕಿದಳು. ಏಳು ಗಂಟೆ ನಿದ್ದೆ ಬರುತ್ತಿದೆಯಾದರೆ ಹಾಸಿಗೆಯಲ್ಲಿ ಏಳೂವರೆ ಗಂಟೆ ಇರಲಿ ಎಂದಳು. ಗ್ಲೆನಿಸ್ ಶಾಲೆಯ ಮಗುವಿನಷ್ಟು ವಿಧೇಯತೆಯಿಂದ ಏಳೂವರೆ ಗಂಟೆ ಮಲಗಿದಳು, ಅದರಲ್ಲಿ ನಾಲ್ಕೂವರೆ ಗಂಟೆ ಕಣ್ಣು ಬಿಟ್ಟುಕೊಂಡು. ಎರಡೇ ವಾರದಲ್ಲಿ ಇನ್ನೂ ಸೊರಗಿದಳು. ಸೂಪರ್ ಮಾರ್ಕೆಟ್ಟಿನಲ್ಲಿ ಉಪ್ಪು ಯಾವ ಸಾಲಿನಲ್ಲಿದೆ ಎಂದು ಮರೆತು ಅತ್ತಳು. ಚಿಕಿತ್ಸೆ ಕೆಲಸ ಮಾಡುತ್ತಿಲ್ಲ ಎಂದು ದೂರುವಂತೆಯೂ ಇಲ್ಲ; ಪುಸ್ತಕದಲ್ಲಿ ಎಲ್ಲ ಚೆನ್ನಾಗಿಯೇ ಇದೆ. ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಂಡು ಒಳಗಿನಿಂದ ಬಾಗಿಲು ಹುಡುಕುತ್ತಿದ್ದಳು.

ಮೂರನೆಯ ಭೇಟಿಯ ದಿನ ಹೊರಡುವಾಗ ಟೋಂಚಿ ಅಡುಗೆಮನೆಯ ಗೋಡೆಯಿಂದ ಕ್ಯಾಲೆಂಡರನ್ನು ಮೊಳೆಯ ಸಮೇತ ಕಿತ್ತು ಅವಳ ಕೈಗೆ ಕೊಟ್ಟ.

"ಇದನ್ನೂ ತಗೊಂಡ್ಹೋಗು."

"ನಿನ್ನ ಕೋಳಿ ಮೊಟ್ಟೆ ಲೆಕ್ಕ ಅವಳಿಗ್ಯಾಕೆ?"

"ಬಲಗಡೆ ಬರೆದಿರೋದು ಮೊಟ್ಟೆ. ಎಡಗಡೆ ಚುಕ್ಕೆ ನೋಡು."

ದಿನ ದಿನದ ಮನೆಯಲ್ಲೂ ಪೆನ್ಸಿಲಿನ ಸಣ್ಣ ಚುಕ್ಕೆಗಳಿದ್ದವು. ಮೂರು, ನಾಲ್ಕು, ಒಂದೊಂದು ದಿನ ಐದು. ಪಕ್ಕದಲ್ಲಿ ಗಂಟೆ: ಒಂದು ಹತ್ತು, ಎರಡೂಕಾಲು, ಮೂರು ಇಪ್ಪತ್ತು.

"ಕೆಟಲ್ ಕೂಗಿದಾಗೆಲ್ಲ ಒಂದು ಚುಕ್ಕೆ," ಎಂದ ಟೋಂಚಿ. "ಹೊಸ ವರ್ಷದಿಂದ."

"ಸುಳ್ಳು ಹೇಳ್ಬೇಡ. ನೀನು ಗೊರಕೆ ಹೊಡೀತಿದ್ದೆ. ಕಿವಿ ತೂತು ಬೀಳೋ ಹಾಗೆ ಹೊಡೀತಿದ್ದೆ!"

"ಹೊಡೀತಿದ್ದೆ. ನಾನು ಎಚ್ಚರ ಇದೀನಿ ಅಂತ ಗೊತ್ತಾದ್ರೆ ನೀನು ಏಳಲ್ಲ, ಅಲ್ಲೇ ಬಿದ್ಕೊಂಡು ಕೊರಗ್ತೀಯ. ಗೊರಕೆ ಹೊಡೆದ್ರೆ ನನ್ನ ಬೈಕೊಂಡಾದ್ರೂ ಎದ್ದು ಹೋಗ್ತೀಯ, ಒಂದು ಲೋಟ ಚಹಾ ಕುಡೀತೀಯ."

ಗ್ಲೆನಿಸ್‌ಗೆ ಅವನನ್ನು ಹೊಡೆಯಬೇಕೆನ್ನಿಸಿತು, ಅಪ್ಪಿಕೊಳ್ಳಬೇಕು ಅಂತಲೂ. "ನಿಮ್ಮಮ್ಮನ ಮಗನೇ ಸರಿ ನೀನು," ಎಂದಷ್ಟೇ ಹೇಳಿ ಕ್ಯಾಲೆಂಡರನ್ನು ಚೀಲಕ್ಕೆ ತುರುಕಿಕೊಂಡು ಹೊರಟಳು. ಕಾರಿನಲ್ಲಿ ಕೂತು ಎಷ್ಟೋ ಹೊತ್ತು ಕೀಲಿ ತಿರುಗಿಸಲಿಲ್ಲ. ತಾನು ಒಬ್ಬಳೇ ಎಚ್ಚರವಿದ್ದೇನೆ ಎಂದುಕೊಂಡಿದ್ದ ಅಷ್ಟೂ ಹೊತ್ತು ಗೋಡೆಯಾಚೆ ಇನ್ನೊಬ್ಬ ಕಿವಿ ತೆರೆದುಕೊಂಡು ಮಲಗಿದ್ದ.

ಅನೆಕಾ ನೀಲಿ ಪುಸ್ತಕವನ್ನೂ ಕ್ಯಾಲೆಂಡರನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದಳು. ಬೈಯಲಿಲ್ಲ.

"ಈ ಪುಸ್ತಕದಲ್ಲಿರೋ ಏಳು ಯಾರದು?" ಎಂದು ಕೇಳಿದಳು.

"ಗಣೀದು," ಎಂದಳು ಗ್ಲೆನಿಸ್. ಆಮೇಲೆ ಎಲ್ಲ ಹೇಳಿದಳು. ಪಾಳಿ ಹಾಳೆ, ಬೆವರ್ಲಿ, ಕಾಣೆಯಾದ ಎರಡು ತಿರುವು.

ಅನೆಕಾ ಪೆನ್ನು ಕೆಳಗಿಟ್ಟಳು. "ನಿಮಗೆ ಮೂರು ಗಂಟೆ ನಿದ್ದೆ ಬರ್ತಿದೆ. ನಾನು ಮುಂಚೆ ಕೊಟ್ಟ ಲೆಕ್ಕ ಪೂರ್ತಿ ತಪ್ಪು. ಈಗ ಐದು ಗಂಟೆ ಮಾತ್ರ ಹಾಸಿಗೆ, ದಿನಾ ಒಂದೇ ಹೊತ್ತಿಗೆ ಏಳಬೇಕು. ಪಾಳಿ ಬದಲಾಗ್ತಾ ಇದ್ರೆ ಇದು ಆಗಲ್ಲ. ಮೊದಲ ಮೂರು ನಾಲ್ಕು ವಾರ ಈಗಿನದಕ್ಕಿಂತ ಜಾಸ್ತಿ ತೂಕಡಿಕೆ ಬರುತ್ತೆ. ಆಮೇಲೆ ನಿದ್ದೆ ಕೂಡ್ಕೊಳ್ಳುತ್ತೆ. ಆದ್ರೆ ಅಷ್ಟು ದಿನ ನೀವು ಆ ಗಾಡಿ ಹತ್ತೋ ಹಾಗಿಲ್ಲ ಗ್ಲೆನಿಸ್. ಇವತ್ತಿನ ಸ್ಥಿತೀಲೂ ಹತ್ತಬಾರದು."

"ಹತ್ತಲ್ಲ ಅಂದ್ರೆ ಗಣೀಲಿ ಕಾರಣ ಹೇಳ್ಬೇಕು."

"ಹೌದು. ನಾಳೆಯೇ ಹೇಳಬೇಕು. ಹೇಳ್ತೀರಾ? ಇಲ್ಲ ಅಂದ್ರೆ ನಾನು ಡಾಕ್ಟ್ರ ಹತ್ರ ಮಾತಾಡಬೇಕಾಗುತ್ತೆ. ಅದನ್ನೂ ನಿಮಗೆ ಹೇಳಿಯೇ ಮಾಡ್ತೀನಿ."

"ಹೇಳಿದ್ರೆ ಸೀಟು ಹೋಗುತ್ತೆ ಡಾಕ್ಟ್ರೇ."

"ನಾನು ಡಾಕ್ಟ್ರಲ್ಲ. ಆದ್ರೆ ಅದು ಸುಳ್ಳು ಅಂತ ನಾನು ಹೇಳಲ್ಲ. ಹೋದ್ರೂ ಹೋಗಬಹುದು."

ಗ್ಲೆನಿಸ್‌ಗೆ ನಗು ಬಂತು. ಗುಣವಾಗಬೇಕಾದರೆ ಗಾಡಿ ಬಿಡಬೇಕು. ಗಾಡಿ ಉಳಿಸಿಕೊಳ್ಳಬೇಕೆಂದೇ ಅವಳು ಗುಣವಾಗಲು ಬಂದಿದ್ದಳು. "ಹೇಳ್ತೀನಿ, ಬಿಡಿ," ಎಂದಳು.

ಶುಕ್ರವಾರ, ಹಗಲು ಪಾಳಿ. ಬೆಳಿಗ್ಗೆ ಐದೂವರೆಗೇ ಗಣಿ ಕಚೇರಿಯ ಕೋಣೆ ತುಂಬಿತ್ತು, ಚಹಾ ಕುದಿಯುತ್ತಿತ್ತು. ಗ್ಲೆನಿಸ್ ಲೋಟ ಹಿಡಿಯದೆ, ಎರಡೂ ಕೈಯನ್ನು ಮೇಜಿನ ಮೇಲಿಟ್ಟು ಹಾಳೆಯಲ್ಲಿ ಮೂರು ಎಂದು ಬರೆದಳು. ಬರೆದದ್ದು ಚಿಕ್ಕದಾಗಿತ್ತು, ಆದರೆ ಮೂರೇ.

ಸೂಪರ್‌ವೈಸರ್ ಡೂಲನ್ ಹಾಳೆ ತೆಗೆದುಕೊಂಡ, ನೋಡಿದ, ಸುತ್ತ ನೋಡಿದ. ಅವನಿಗೆ ಡಂಪರ್ ಕಲಿಸಿದವಳೇ ಗ್ಲೆನಿಸ್. ಕೆಟ್ಟವನೇನಲ್ಲ. ಆ ದಿನ ಇಬ್ಬರು ಡ್ರೈವರುಗಳು ಬಂದಿರಲಿಲ್ಲ, ಮೇಲಿನವರು ಬೆಳಗಿನ ಜಾವದಿಂದಲೇ ಅವನ ತಲೆ ತಿನ್ನುತ್ತಿದ್ದರು.

"ಪೆನ್ನು ಜಾರಿತೇನೋ ಗ್ಲೆನ್," ಎಂದು ತಗ್ಗಿದ ದನಿಯಲ್ಲಿ ಹೇಳಿ, ಹೊಸ ಹಾಳೆಯೊಂದನ್ನು ಅವಳ ಮುಂದೆ ಜಾರಿಸಿದ.

"ಜಾರಿಲ್ಲ."

"ಬೆವರ್ಲಿ ಗತಿ ನೋಡಿದೀಯಲ್ಲಮ್ಮಾ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಮುಂದೆ ರಜೆ ವಾರ ಬರುತ್ತೆ, ಆಗ ಚೆನ್ನಾಗಿ ಮಲಗು. ಇವತ್ತೊಂದಿನ ತಳ್ಳು."

ಹಿಂದೆ ಸಾಲು ನಿಂತಿತ್ತು. ಯಾರೋ ಕೆಮ್ಮಿದರು. ಆ ಹೊಸ ಹಾಳೆ ಎಷ್ಟು ಬೆಳ್ಳಗಿತ್ತೆಂದರೆ ಗ್ಲೆನಿಸ್‌ಗೆ ಅದರ ಮೇಲೆ ತಲೆಯಿಟ್ಟು ಮಲಗಬೇಕೆನ್ನಿಸಿತು. ಅವಳು ಏಳು ಎಂದು ಬರೆದಳು. ತನ್ನ ಮೇಲೆ ತನಗೇ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

ಮೊದಲ ಸುತ್ತು ಹೇಗೋ ಆಯಿತು. ಎರಡನೆಯ ಸುತ್ತಿನಲ್ಲಿ ತಿರುವುಗಳನ್ನು ಬಾಯಿಬಿಟ್ಟು ಎಣಿಸಿದಳು. ಕಲ್ಲು ಸುರಿಯುವ ಅಂಚಿಗೆ ಬಂದು, ಹಿಮ್ಮುಖವಾಗಿ ಮಣ್ಣಿನ ಬದುವಿನ ಕಡೆಗೆ ಗಾಡಿ ತಂದಳು. ಬದುವಿನಾಚೆ ನಲವತ್ತು ಮೀಟರ್ ಇಳಿಜಾರು. ಕನ್ನಡಿಯಲ್ಲಿ ಬದು ಕಾಣುತ್ತಿತ್ತು. ಆಮೇಲೆ ಬದು ಇದ್ದಕ್ಕಿದ್ದಂತೆ ತೀರ ಹತ್ತಿರದಲ್ಲಿತ್ತು. ನಡುವಿನ ದೂರ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬ್ರೇಕು ಒತ್ತಿದಳು. ಗಾಡಿ ನಿಂತಿತು. ಬೆಳಗಿನ ಒಂಬತ್ತು ಗಂಟೆಯ ಬಿಸಿಲು ಚೆಲ್ಲಾಡಿಕೊಂಡು ಬಿದ್ದಿತ್ತು.

ಅವಳು ರೇಡಿಯೋ ಎತ್ತಿಕೊಂಡಳು. ಗುಂಡಿಯಲ್ಲಿದ್ದ ಪ್ರತಿ ಗಾಡಿಗೂ ಕೇಳಿಸುವ ಚಾನೆಲ್ ಅದು.

"ಹದಿನಾಲ್ಕು ಮಾತಾಡ್ತಿರೋದು. ಗಾಡಿ ನಿಲ್ಲಿಸ್ತಿದೀನಿ."

"ಯಾಕೆ, ಟೈರಾ?" ಡೂಲನ್‌ನ ದನಿ.

"ಗಾಡಿಗೇನೂ ಆಗಿಲ್ಲ. ನನಗಾಗಿದೆ. ಮೂರು ಗಂಟೆ ನಿದ್ದೆ ಮಾಡಿದೀನಿ. ಹಾಳೇಲಿ ಏಳು ಅಂತ ಇದೆ. ಅದು ಸುಳ್ಳು. ವರ್ಷದಿಂದ ಬರೆದಿರೋ ಏಳೆಲ್ಲ ಸುಳ್ಳು."

"ಗ್ಲೆನ್, ಬೇರೆ ಚಾನೆಲ್‌ಗೆ ಬಾ."

"ಬರಲ್ಲ. ಅಲ್ಲಿಗೆ ಬಂದ್ರೆ ನೀನು ಇನ್ನೊಂದು ಹೊಸ ಹಾಳೆ ಕೊಡ್ತೀಯ."

ಗುಂಡಿಯ ಕೆಳಗಿನಿಂದ ಮೊಸೆಸೆಯ ದನಿ ಮೆತ್ತಗೆ ಬಂತು. "ಹಲ್ಲು ನೋವು ಅಂದಿದ್ದು ಇದೇನಾ ಅಕ್ಕಾ?"

"ಹೂಂ ಕಣಪ್ಪಾ. ಇದೇ."

ಡೂಲನ್ ಜೀಪು ತಂದ. ಗ್ಲೆನಿಸ್ ಏಣಿ ಇಳಿದು, ತನ್ನ ಹೆಸರಿನ ಬಿಲ್ಲೆಯನ್ನು ಅವನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತಳು. ಅವನು ಜೀಪು ತಿರುಗಿಸುತ್ತಲೇ ಶುರುಮಾಡಿದ. ಅಷ್ಟು ಜನರ ಮುಂದೆ ಹೇಳಬೇಕಿತ್ತೇ, ತನ್ನ ಕುತ್ತಿಗೆಗೂ ತಂದಳಲ್ಲ, ಇನ್ನು ಮೇಲಿನವರು ಎಲ್ಲರ ಹಾಳೆಯನ್ನೂ ಕೆದಕುತ್ತಾರೆ, ಅವಳ ಸೀಟಿನ ಬಗ್ಗೆ ತಾನು ಯಾವ ಮಾತೂ ಕೊಡಲಾರೆ. ಅವಳು ಹೂಂ ಅನ್ನುತ್ತಿದ್ದಳು. ನಾಲ್ಕನೆಯ ತಿರುವಿನ ಹೊತ್ತಿಗೆ ಹೂಂ ಅನ್ನುವುದು ನಿಂತಿತು.

ಎಚ್ಚರವಾದಾಗ ಜೀಪು ಗೇಟಿನ ಪಕ್ಕ ನಿಂತಿತ್ತು. ಎಂಜಿನ್ ಓಡುತ್ತಿತ್ತು, ತಣ್ಣನೆ ಗಾಳಿ ಬರುತ್ತಿತ್ತು, ರೇಡಿಯೋದ ದನಿಯನ್ನು ಯಾರೋ ತಗ್ಗಿಸಿದ್ದರು. ಡೂಲನ್ ಹೆಲ್ಮೆಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಗಾಜಿನಾಚೆ, ದೂರದ ದಾರಿಯಲ್ಲಿ ಹದಿನಾಲ್ಕನೆಯ ನಂಬರಿನ ಗಾಡಿ ಕಲ್ಲು ಹೊತ್ತು ಮೇಲಕ್ಕೆ ಹತ್ತುತ್ತಿತ್ತು. ಯೆಲ್ಕಾಳ ಸೀಟಿನಲ್ಲಿ ಬೇರೆ ಯಾರೋ ಕೂತಿದ್ದರು. ಗ್ಲೆನಿಸ್‌ಗೆ ಅಳು ಬಂತು, ತಡೆದುಕೊಳ್ಳಲಿಲ್ಲ. ಡೂಲನ್ ಬೇರೆ ಕಡೆ ನೋಡಿದ.

"ಎಬ್ಬಿಸ್ಬಾರದಿತ್ತಾ?" ಎಂದಳು ಆಮೇಲೆ.

"ಎರಡು ಸಲ ಕರೆದೆ. ಆಫೀಸಿನವರು ಕಾಯ್ತಿದಾರೆ. ಕಾಯ್ಲಿ ಅಂದೆ."

"ಎಷ್ಟು ಹೊತ್ತು ಮಲಗಿದ್ದೆ?"

ಅವನು ಗಡಿಯಾರ ನೋಡಿಕೊಂಡ. "ನಲವತ್ತೆರಡು ನಿಮಿಷ."

ಗ್ಲೆನಿಸ್ ಚೀಲದಿಂದ ನೀಲಿ ಪುಸ್ತಕ ತೆಗೆದು, ಖಾಲಿ ಹಾಳೆ ತೆರೆದು, ಪೆನ್ನಿನ ಜೊತೆ ಅವನ ಮಡಿಲಿಗಿಟ್ಟಳು.

"ನೀನೇ ಬರಿ. ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ."

ಡೂಲನ್ ಆ ಪುಸ್ತಕವನ್ನು ಒಂದು ಕ್ಷಣ ನೋಡಿದ. ಆಮೇಲೆ ಸ್ಟೀರಿಂಗಿನ ಮೇಲೆ ಅದನ್ನು ಆನಿಸಿಕೊಂಡು, ತಾರೀಖು ಹಾಕಿ, ದಪ್ಪ ಅಕ್ಷರದಲ್ಲಿ ಬರೆದ: ನಲವತ್ತೆರಡು ನಿಮಿಷ, ಜೀಪಿನಲ್ಲಿ, ಕೂತಲ್ಲೇ. ಕೆಳಗೆ ತನ್ನ ಸಹಿ ಹಾಕಿದ.